ವಯಸ್ಸಿನ ಅಂತರ ಎಣಿಸುವ ಮೊದಲು ಅವಳ ಮನೆಯ ಲೆಕ್ಕ ಕೇಳಿ

ಚೀನಾದಲ್ಲಿ ಓದಿ ಬಂದವನು ಎಂದು ಗೊತ್ತಾದ ಕೂಡಲೇ ನಮ್ಮ ಹುಡುಗರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಮೊದಲನೆಯದು ಊಟದ್ದು: ‘ಹಾವು, ಚೇಳು ತಿಂತಾರಾ?’ ಎರಡನೆಯದು ಹುಡುಗಿಯರದ್ದು: ‘ಅಲ್ಲಿನವರು ವಯಸ್ಸು ನೋಡೋದಿಲ್ಲವಂತೆ, ನಲವತ್ತರವನನ್ನೂ ಒಪ್ಪಿಕೊಳ್ತಾರಂತೆ, ಹೌದಾ?’ ಎರಡಕ್ಕೂ ನನ್ನದು ಒಂದೇ ಉತ್ತರ. ಯಾರೋ ಮಾಡಿದ ವಿಡಿಯೊ ನೋಡಿ ನೂರನಲವತ್ತು ಕೋಟಿ ಜನರನ್ನು ಅಳೆಯಬೇಡಿ.

ವಯಸ್ಸು ನೋಡುತ್ತಾರೆ. ಕೆಲವೊಮ್ಮೆ ನಮಗಿಂತ ಹೆಚ್ಚೇ ನೋಡುತ್ತಾರೆ. ಆದರೆ ಹುಡುಗ–ಹುಡುಗಿಯ ನಡುವೆ ಎಷ್ಟು ವರ್ಷ ಎಂಬುದಕ್ಕಿಂತ, ಆ ವರ್ಷಗಳ ಭಾರವನ್ನು ಕೊನೆಗೆ ಹೊರುವವರು ಯಾರು ಎಂಬುದು ಅಲ್ಲಿನ ಮನೆಗಳಲ್ಲಿ ದೊಡ್ಡ ಪ್ರಶ್ನೆ. ಚೀನೀ ಹುಡುಗಿಯನ್ನು ಇಷ್ಟಪಡುವ ನಮ್ಮ ಹುಡುಗರು ಮೊದಲು ತಿಳಿದುಕೊಳ್ಳಬೇಕಾದ್ದು ಇದನ್ನೇ ಎಂಬುದು ನನ್ನ ಅಭಿಪ್ರಾಯ.

ಇದನ್ನು ಹೊರಗೆ ನಿಂತು ಹೇಳುತ್ತಿಲ್ಲ. 2017ರಲ್ಲಿ ಎಂಬಿಬಿಎಸ್ ಓದಲು ಜ್ಯಾಂಗ್ಸು ಪ್ರಾಂತ್ಯಕ್ಕೆ ಹೋದೆ. ಎರಡು ವರ್ಷದ ನಂತರ ಅಲ್ಲೇ ಫಾರ್ಮಸಿ ಓದುತ್ತಿದ್ದ ಹುಡುಗಿಯೊಬ್ಬಳ ಪರಿಚಯವಾಯಿತು. ಅವಳು ನನಗಿಂತ ಮೂರು ವರ್ಷ ದೊಡ್ಡವಳು. ಈಗ ನನಗೆ 26, ಅವಳಿಗೆ 29. ನಾನು ಎಫ್‌ಎಂಜಿಇ ಪಾಸಾಗಿ ಇಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ, ಅವಳು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಕೆಲಸದಲ್ಲಿದ್ದಾಳೆ. ಎರಡೂ ಮನೆಗಳಿಗೆ ವಿಷಯ ಗೊತ್ತಿದೆ.

ಗದಗದಲ್ಲಿ ನಮ್ಮ ಅವ್ವನಿಗೆ ಹೇಳಿದಾಗ ಚೀನಾ ಎಂಬುದಕ್ಕಿಂತ ಮೊದಲು ಬಂದ ಪ್ರಶ್ನೆ ಇದು: ‘ಮೂರು ವರ್ಷ ದೊಡ್ಡಾಕಿ ಅಂದ್ರ ನಾಳೆ ಮಂದಿ ಮುಂದ ಏನಂತ ಹೇಳೂದೋ ತಮ್ಮಾ?’ ಅದೇ ಮೂರು ವರ್ಷ ಆ ಮನೆಯಲ್ಲಿ ನಗುವಿನ ವಿಷಯವಾಗಿತ್ತು. ಹುಡುಗಿ ಮೂರು ವರ್ಷ ದೊಡ್ಡವಳಾದರೆ ಹುಡುಗ ಚಿನ್ನದ ಇಟ್ಟಿಗೆ ಅಪ್ಪಿಕೊಂಡಂತೆ ಎಂಬ ಗಾದೆ ಚೀನಾದಲ್ಲಿ ಎಲ್ಲರ ಬಾಯಲ್ಲೂ ಇದೆ. ‘ನ್ಯು ದಾ ಸಾನ್, ಬಾವ್ ಚಿನ್ ಚುವಾನ್’ ಎಂದು ಅವಳ ಅಮ್ಮ ಫೋನಿನಲ್ಲಿ ಹೇಳಿ ನಕ್ಕಿದ್ದರು. ದೊಡ್ಡ ಹುಡುಗಿ, ಚಿಕ್ಕ ಹುಡುಗನ ಪ್ರೀತಿಗೆ ಅಲ್ಲಿ ‘ಅಕ್ಕ–ತಮ್ಮನ ಪ್ರೇಮ’ ಎಂಬ ಹೆಸರೇ ಇದೆ. ನಮ್ಮ ಕಿವಿಗೆ ಮುಜುಗರವಾಗುವ ಹೆಸರು, ಅವರಿಗೆ ಮಾಮೂಲು. ಟಿ.ವಿ. ಧಾರಾವಾಹಿಗಳಲ್ಲೂ ಅಂಥ ಜೋಡಿಗಳು ಬೇಕಾದಷ್ಟಿವೆ.

ಹಾಗೆಂದು ಎಲ್ಲ ಅಂತರಗಳೂ ಶುಭವಲ್ಲ. ಹನ್ನೆರಡು ವರ್ಷಕ್ಕೆ ಹನ್ನೆರಡು ಪ್ರಾಣಿಗಳ ಪಂಚಾಂಗ ಅವರದ್ದು. ಆರು ವರ್ಷ ಅಂತರವಿದ್ದರೆ ಎರಡು ಪ್ರಾಣಿಗಳು ಎದುರುಬದುರು ನಿಂತು ಗುದ್ದಾಡುತ್ತವೆ ಎಂದು ಹಿರಿಯರು ಅನುಮಾನಿಸುತ್ತಾರೆ. ನಮ್ಮಲ್ಲಿ ಷಷ್ಠಾಷ್ಟಕ ಬಂದರೆ ಜಾತಕ ಪಕ್ಕಕ್ಕಿಡುವ ಹಾಗೆಯೇ ಇದು. ಇನ್ನು ತುಂಬಾ ಚಿಕ್ಕ ಹುಡುಗಿಯ ಹಿಂದೆ ಬೀಳುವ ಗಂಡಸಿಗೆ ‘ಮುದಿ ಎತ್ತು ಎಳೆ ಹುಲ್ಲು ಮೇಯುತ್ತಿದೆ’ ಎಂಬ ಮಾತಿದೆ. ‘ಚೀನೀ ಹುಡುಗಿಯರು ವಯಸ್ಸು ನೋಡುವುದಿಲ್ಲ’ ಎನ್ನುವವರು ಈ ಗಾದೆಯನ್ನು ಒಮ್ಮೆ ಕೇಳಿಸಿಕೊಳ್ಳಬೇಕು.

ನಮ್ಮ ವಿಷಯದಲ್ಲಿ ಅವಳ ಅಮ್ಮನನ್ನು ಕಾಡಿದ್ದು ನಮ್ಮಿಬ್ಬರ ನಡುವಿನ ಮೂರು ಅಲ್ಲ, ಅವಳ ಇಪ್ಪತ್ತೊಂಬತ್ತು.

ಇಪ್ಪತ್ತೇಳು ದಾಟಿಯೂ ಮದುವೆಯಾಗದ, ಓದಿದ, ನಗರದ ಹುಡುಗಿಯರನ್ನು ಚೀನಾದಲ್ಲಿ ‘ಶೆಂಗ್ ನ್ಯು’ ಎನ್ನುತ್ತಾರೆ. ಅರ್ಥ, ಉಳಿದುಹೋದ ಹೆಣ್ಣು. ತಟ್ಟೆಯಲ್ಲಿ ಉಳಿದ ಅನ್ನಕ್ಕೂ ಇದೇ ‘ಶೆಂಗ್’ ಪದ ಬಳಸುತ್ತಾರೆ. 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಈ ಪದವನ್ನು ಹೊಸ ಪದಗಳ ಪಟ್ಟಿಗೆ ಸೇರಿಸಿತು. ಲೆಟಾ ಹಾಂಗ್ ಫಿಂಚರ್ ಎಂಬ ಲೇಖಕಿ 2014ರಲ್ಲಿ ಇದೇ ವಿಷಯದ ಮೇಲೆ ಇಡೀ ಪುಸ್ತಕ ಬರೆದರು. ವಿಚಿತ್ರ ನೋಡಿ. 2020ರ ಜನಗಣತಿಯ ಪ್ರಕಾರ ಚೀನಾದಲ್ಲಿ ಹೆಣ್ಣುಮಕ್ಕಳಿಗಿಂತ ಗಂಡಸರ ಸಂಖ್ಯೆ ಸುಮಾರು 3.49 ಕೋಟಿ ಹೆಚ್ಚು. ಲೆಕ್ಕದ ಪ್ರಕಾರ ಉಳಿಯಬೇಕಾದವರು ಗಂಡಸರು. ಉಳಿದವರು ಎನಿಸಿಕೊಳ್ಳುವವರು ಮಾತ್ರ ಹುಡುಗಿಯರು.

ಕಾರಣ ನಮಗೆ ಅಪರಿಚಿತವೇನಲ್ಲ. ಹುಡುಗ ತನಗಿಂತ ಒಂದು ಮೆಟ್ಟಿಲು ಕೆಳಗಿನ ಹುಡುಗಿಯನ್ನು ಹುಡುಕುತ್ತಾನೆ, ವಯಸ್ಸಿನಲ್ಲಿ, ಓದಿನಲ್ಲಿ, ಸಂಬಳದಲ್ಲಿ. ಹುಡುಗಿಯ ಮನೆಯವರು ಒಂದು ಮೆಟ್ಟಿಲು ಮೇಲೆ ನೋಡುತ್ತಾರೆ. ಹೀಗಾಗಿ ಕೆಳಗಿನ ಮೆಟ್ಟಿಲಲ್ಲಿ ಹಳ್ಳಿಯ ಬಡ ಹುಡುಗರೂ, ಮೇಲಿನ ಮೆಟ್ಟಿಲಲ್ಲಿ ಎಂ.ಎ., ಪಿಎಚ್.ಡಿ. ಮಾಡಿದ ಹುಡುಗಿಯರೂ ಉಳಿಯುತ್ತಾರೆ. ಕಾನೂನೂ ಇದೇ ಮೆಟ್ಟಿಲಿನ ಮೇಲೆ ನಿಂತಿದೆ. ಮದುವೆಯ ಕನಿಷ್ಠ ವಯಸ್ಸು ಚೀನಾದಲ್ಲಿ ಗಂಡಿಗೆ 22, ಹೆಣ್ಣಿಗೆ 20. ನಮ್ಮಲ್ಲಿ 21 ಮತ್ತು 18. ಗಂಡು ದೊಡ್ಡವನಿರಬೇಕು ಎಂಬುದನ್ನು ಎರಡೂ ದೇಶಗಳು ಮೊದಲೇ ಒಪ್ಪಿಕೊಂಡಂತಿದೆ.

ಶಾಂಘೈನ ಪೀಪಲ್ಸ್ ಪಾರ್ಕಿನಲ್ಲಿ ವಾರಾಂತ್ಯಕ್ಕೆ ಸೇರುವ ಮದುವೆ ಸಂತೆಯನ್ನು ನೋಡಿದರೆ ನಮ್ಮ ವಧು–ವರರ ಸಮಾವೇಶಗಳು ನೆನಪಾಗುತ್ತವೆ. ತೆರೆದಿಟ್ಟ ಕೊಡೆಗಳ ಮೇಲೆ ಹಾಳೆ ಅಂಟಿಸಿಕೊಂಡು ಅಪ್ಪ–ಅಮ್ಮಂದಿರು ಕುಳಿತಿರುತ್ತಾರೆ. ಹಾಳೆಯಲ್ಲಿ ಹುಟ್ಟಿದ ವರ್ಷ, ಎತ್ತರ, ಓದು, ಸಂಬಳ, ಸ್ವಂತ ಮನೆ ಇದೆಯೇ, ಹುಕೋ ಯಾವ ಊರಿನದ್ದು ಎಂಬ ವಿವರ. ಹುಕೋ ಎಂದರೆ ಅಲ್ಲಿನ ಕುಟುಂಬ ನೋಂದಣಿ. ಮಕ್ಕಳ ಶಾಲೆ, ಆಸ್ಪತ್ರೆ ಸೌಲಭ್ಯಗಳೆಲ್ಲ ಅದಕ್ಕೆ ಅಂಟಿಕೊಂಡಿವೆ. ಮಗ ಅಥವಾ ಮಗಳು ಬಹಳ ಸಲ ಅಲ್ಲಿ ಇರುವುದೇ ಇಲ್ಲ. ಅವರಿಗೆ ಗೊತ್ತಿಲ್ಲದೆಯೇ ಅಪ್ಪ–ಅಮ್ಮ ಬಂದಿರುವುದೂ ಉಂಟು.

ಇದನ್ನೆಲ್ಲ ‘ಹಳೇ ಕಾಲದವರು’ ಎಂದು ತಳ್ಳಿಹಾಕುವುದು ಸುಲಭ. ಆದರೆ ಆ ಅಪ್ಪ–ಅಮ್ಮಂದಿರ ಲೆಕ್ಕ ಏನೆಂದು ಸ್ವಲ್ಪ ಕೇಳಿಸಿಕೊಳ್ಳಿ.

1980ರಿಂದ 2015ರವರೆಗೆ ಚೀನಾದಲ್ಲಿ ಒಂದು ಕುಟುಂಬಕ್ಕೆ ಒಂದೇ ಮಗು ಎಂಬ ನೀತಿ ಇತ್ತು. ಹಳ್ಳಿಗಳಲ್ಲಿ, ಅಲ್ಪಸಂಖ್ಯಾತ ಜನಾಂಗಗಳಲ್ಲಿ ವಿನಾಯಿತಿಗಳಿದ್ದವು. ನಗರಗಳಲ್ಲಿ ಬಿಗಿ. ನನ್ನ ಗೆಳತಿ ಹುಟ್ಟಿದ್ದು 1996ರಲ್ಲಿ. ಅಣ್ಣ ಇಲ್ಲ, ತಮ್ಮ ಇಲ್ಲ, ಅಕ್ಕ ಇಲ್ಲ. ಅಲ್ಲಿ ಇದನ್ನು ನಾಲ್ಕು–ಎರಡು–ಒಂದು ಎನ್ನುತ್ತಾರೆ: ನಾಲ್ವರು ಅಜ್ಜ–ಅಜ್ಜಿಯರು, ಇಬ್ಬರು ಅಪ್ಪ–ಅಮ್ಮ, ಕೊನೆಗೆ ಒಂದೇ ಮಗು. ಆರು ಜನರ ಮುಪ್ಪು ಒಬ್ಬರ ಹೆಗಲ ಮೇಲೆ. ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎಂಬ ಗಾದೆ ನಮ್ಮಲ್ಲಿದೆ. ಮದುವೆ ಮಾಡಿಕೊಟ್ಟ ಮಗಳು ಚೆಲ್ಲಿದ ನೀರು ಎಂದು ಅವರಲ್ಲೂ ಇತ್ತು. ಇರುವವಳು ಒಬ್ಬಳೇ ಮಗಳಾದಾಗ ಆ ಗಾದೆ ಹೇಳಲು ಯಾರಿಗೂ ಬಾಯಿ ಬರುವುದಿಲ್ಲ.

ಈಗ ಹದಿನೈದು ವರ್ಷ ದೊಡ್ಡ ಅಳಿಯನ ಲೆಕ್ಕ ಹಾಕಿ. ಹುಡುಗಿಗೆ 28, ಗಂಡಿಗೆ 43, ಅವಳ ಅಪ್ಪನಿಗೆ 55 ಎಂದುಕೊಳ್ಳೋಣ. ಇಪ್ಪತ್ತು ವರ್ಷದ ನಂತರ ಅಪ್ಪನಿಗೆ 75, ಗಂಡನಿಗೆ 63. ಆಗ 48ರ ಆ ಹೆಂಗಸು ಅಪ್ಪ–ಅಮ್ಮನನ್ನು ನೋಡಿಕೊಳ್ಳಬೇಕು, ಜೊತೆಗೆ ವಯಸ್ಸಾಗುತ್ತಿರುವ ಗಂಡನನ್ನೂ. ಅಪ್ಪ–ಅಮ್ಮನಿಗೆ ಬೇಕಿದ್ದದ್ದು ಹೆಗಲು ಕೊಡುವ ಅಳಿಯ, ಸಿಕ್ಕಿದ್ದು ಇನ್ನೊಂದು ಹೊರೆ. ವಯಸ್ಸಾದ ವಿದೇಶಿ ಅಳಿಯ ಬೇಡ ಎನ್ನುವ ತಂದೆ–ತಾಯಿಯನ್ನು ಸಂಕುಚಿತ ಮನಸ್ಸಿನವರು ಎನ್ನುವ ಮೊದಲು ಈ ಕೂಡು–ಕಳೆ ಮಾಡಿ ನೋಡಬೇಕು.

ಅಮ್ಮನದ್ದು ಇನ್ನೊಂದು ಲೆಕ್ಕವಿದೆ. ಮೊನ್ನೆಮೊನ್ನೆಯವರೆಗೂ ಚೀನಾದಲ್ಲಿ ಕಾರ್ಖಾನೆ ಕೆಲಸದ ಹೆಂಗಸರು 50ಕ್ಕೆ, ಕಚೇರಿ ಹುದ್ದೆಯಲ್ಲಿದ್ದವರು 55ಕ್ಕೆ ನಿವೃತ್ತರಾಗುತ್ತಿದ್ದರು. 2025ರಿಂದಷ್ಟೇ ಅದನ್ನು ನಿಧಾನವಾಗಿ ಏರಿಸುತ್ತಿದ್ದಾರೆ. ಐವತ್ತಕ್ಕೆ ನಿವೃತ್ತಳಾದ ಅಮ್ಮ ಮುಂದಿನ ಹತ್ತು ವರ್ಷ ಮೊಮ್ಮಗುವನ್ನು ಬೆಳೆಸಲು ಮೀಸಲಿಟ್ಟಿರುತ್ತಾಳೆ. ಮಗಳೂ ಅಳಿಯನೂ ಕೆಲಸಕ್ಕೆ ಹೋಗುವ ನಗರಗಳಲ್ಲಿ ಸಂಸಾರ ನಡೆಯುವುದೇ ಹಾಗೆ. ‘ನನ್ನ ಕೈಕಾಲು ಗಟ್ಟಿ ಇರುವಾಗಲೇ ಮಗು ಆಗಲಿ’ ಎಂದು ಗೆಳತಿಯ ಅಮ್ಮ ಹೇಳಿದಾಗ ನನಗೆ ಅದರಲ್ಲಿ ಒತ್ತಡದ ಜೊತೆ ಒಂದು ಸಹಾಯದ ಮಾತೂ ಕೇಳಿಸಿತು. ಮಗಳು ಕರ್ನಾಟಕಕ್ಕೆ ಬಂದರೆ ಆ ಸಹಾಯ ಕೊಡುವುದು ಹೇಗೆ? ದೂರಕ್ಕೆ ಮದುವೆಯಾಗುವುದನ್ನು ಅಲ್ಲಿ ‘ಯುವಾನ್ ಜ್ಯಾ’ ಎನ್ನುತ್ತಾರೆ. ಪಕ್ಕದ ಪ್ರಾಂತ್ಯಕ್ಕೆ ಹೋದರೂ ಕಣ್ಣೀರು ಹಾಕುವ ಪದ ಅದು.

ದುಡ್ಡಿನ ವಿಷಯದಲ್ಲೂ ನಮ್ಮವರು ಬೇಗ ತಪ್ಪು ತಿಳಿಯುತ್ತಾರೆ. ಚೀನಾದಲ್ಲಿ ಗಂಡಿನ ಕಡೆಯವರು ಹೆಣ್ಣಿನ ಮನೆಗೆ ‘ತ್ಸಾಯ್‌ಲಿ’ ಕೊಡುವ ಪದ್ಧತಿ ಇದೆ. ಇದನ್ನು ಕೇಳಿದ ನನ್ನ ರೂಮ್‌ಮೇಟ್ ಒಬ್ಬ ‘ಮಗಳನ್ನ ಮಾರ್ತಾರಾ?’ ಎಂದಿದ್ದ. ಹಿಂದೆ ನಮ್ಮ ಎಷ್ಟೋ ಸಮುದಾಯಗಳಲ್ಲಿ ‘ತೆರ’ ಕೊಟ್ಟೇ ಹೆಣ್ಣು ತರುತ್ತಿದ್ದರು, ನಿಮ್ಮ ಅಜ್ಜಿಯನ್ನು ಕೇಳಿ. ಆಮೇಲೆ ಅದು ತಲೆಕೆಳಗಾಗಿ ವರದಕ್ಷಿಣೆಯಾಯಿತು. 1961ರಲ್ಲಿ ನಿಷೇಧವಾದರೂ ಅದು ಇನ್ನೂ ಹೋಗಿಲ್ಲ. ತ್ಸಾಯ್‌ಲಿ ಅತಿಯಾಗಿ ಸಂಸಾರಗಳು ಸಾಲಕ್ಕೆ ಬೀಳುವುದನ್ನು ಅಲ್ಲಿನವರೂ ದೂರುತ್ತಾರೆ. 2024ರ ಫೆಬ್ರುವರಿಯಿಂದ ಅಲ್ಲಿನ ಸುಪ್ರೀಂ ಕೋರ್ಟಿನ ಹೊಸ ನಿಯಮಗಳೂ ಬಂದಿವೆ. ನಮ್ಮಲ್ಲಿ ‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದರೆ ಎರಡು ಬೇರೆ ಕಷ್ಟಗಳು. ಅಲ್ಲಿನ ನಗರಗಳಲ್ಲಿ ಎರಡೂ ಒಟ್ಟಿಗೇ ಬರುತ್ತವೆ. ಹುಡುಗ ಫ್ಲ್ಯಾಟ್ ತೋರಿಸಿದ ಮೇಲೆಯೇ ಮಾತುಕತೆ. 26ರ ಇಂಟರ್ನ್ ಡಾಕ್ಟರ್ ಸ್ಟೈಪೆಂಡಿನಲ್ಲಿ ಯಾವ ಫ್ಲ್ಯಾಟ್ ತೋರಿಸಬೇಕು?

ಇಲ್ಲಿಗೆ ವಯಸ್ಸಿನ ವಿಷಯ ಮತ್ತೆ ಬರುತ್ತದೆ. ನಮ್ಮ ದೇಶದ ಲೆಕ್ಕದಲ್ಲಿ 26ರ ಡಾಕ್ಟರ್ ಇನ್ನೂ ಹುಡುಗ. ಪಿ.ಜಿ. ಮುಗಿಸಿ ‘ಸೆಟ್ಲ್’ ಆಗುವಷ್ಟರಲ್ಲಿ ಮೂವತ್ತೊಂದೋ ಮೂವತ್ತೆರಡೋ. ಅಲ್ಲಿಯವರೆಗೆ ನನ್ನನ್ನು ಯಾರೂ ಏನೂ ಕೇಳುವುದಿಲ್ಲ. ಅವಳನ್ನು ಮಾತ್ರ ಪ್ರತಿ ವಸಂತ ಹಬ್ಬಕ್ಕೆ ಊರಿಗೆ ಹೋದಾಗ ದೊಡ್ಡಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರೆಲ್ಲ ಕೇಳುತ್ತಾರೆ. ಈ ಕಾಟ ತಾಳಲಾರದೆ ಹಬ್ಬಕ್ಕೆ ಬಾಡಿಗೆ ಹುಡುಗನನ್ನು ಕರೆದುಕೊಂಡು ಹೋಗುವವರೂ ಅಲ್ಲಿದ್ದಾರೆ. ಒಂದೇ ಕ್ಯಾಲೆಂಡರ್, ಒಂದೇ ವರ್ಷ. ನನಗೆ ಆ ವರ್ಷ ಪುಕ್ಕಟೆ, ಅವಳಿಗೆ ಅದಕ್ಕೊಂದು ಬೆಲೆ.

ಕೋವಿಡ್ ಕಾಲದಲ್ಲಿ ಇದು ಕಣ್ಣಿಗೆ ಕಾಣುವಂತಾಯಿತು. 2020ರ ಜನವರಿಯಲ್ಲಿ ರಜೆಗೆಂದು ಊರಿಗೆ ಬಂದ ನಮ್ಮಂಥ ಸಾವಿರಾರು ವಿದ್ಯಾರ್ಥಿಗಳಿಗೆ ಚೀನಾ ಮತ್ತೆ ವೀಸಾ ತೆರೆದದ್ದು 2022ರ ಆಗಸ್ಟ್‌ನಲ್ಲಿ. ಎರಡೂವರೆ ವರ್ಷ ನಾನು ಗದಗದ ಕೋಣೆಯಲ್ಲಿ ಆನ್‌ಲೈನ್ ಕ್ಲಾಸ್ ಕೇಳಿದೆ. ಅವಳು 24ರಿಂದ 26ಕ್ಕೆ ಬಂದಳು. ಆಮೇಲೂ ದಾರಿ ಸಲೀಸಾಗಿರಲಿಲ್ಲ. ಅವಳ ಅಪ್ಪ–ಅಮ್ಮ ನಮ್ಮ ಮನೆ ನೋಡಲು ಬರೋಣವೆಂದರೆ ಚೀನೀಯರಿಗೆ ಭಾರತದ ಪ್ರವಾಸಿ ವೀಸಾ ನಿಂತಿತ್ತು. ಅದು ಮತ್ತೆ ಶುರುವಾದದ್ದು 2025ರ ಜುಲೈಯಲ್ಲಿ. ನಿಂತಿದ್ದ ನೇರ ವಿಮಾನಗಳು ಮತ್ತೆ ಹಾರಿದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಎರಡು ಸರ್ಕಾರಗಳ ಮುನಿಸಿಗೆ ನಾವಿಬ್ಬರೂ ಸಮಾನವಾಗಿ ಕಾದೆವು. ಕಾಯುವಿಕೆಯ ಬಿಲ್ ಮಾತ್ರ ಅವಳ ಹೆಸರಿಗೆ ಬಂತು.

ಆದ್ದರಿಂದ ನನ್ನ ವಾದ ಇಷ್ಟು. ಇಬ್ಬರಲ್ಲಿ ಯಾರ ಕೈಯಲ್ಲಿ ಹೆಚ್ಚು ಸಮಯ ಇದೆಯೋ ಅವರು ಸಮಯದ ಮಾತನ್ನು ಮೊದಲು ಎತ್ತಬೇಕು. ‘ನೋಡೋಣ’, ‘ಮುಂದೆ ನೋಡ್ಕೊಳ್ಳೋಣ’ ಎಂಬ ಮಾತುಗಳು ನಮಗೆ ಸಲೀಸು. ಎದುರಿಗಿರುವವಳ ಮನೆಯಲ್ಲಿ ಪ್ರತಿ ‘ನೋಡೋಣ’ಕ್ಕೂ ಒಂದು ಜಗಳ ನಡೆಯುತ್ತಿರುತ್ತದೆ. 2022ರ ಕೊನೆಗೆ ವಾಪಸ್ ಹೋದಾಗ ನಾವಿಬ್ಬರೂ ಕುಳಿತು ಮೂರು ವಿಷಯ ಮಾತಾಡಿಕೊಂಡೆವು: ಯಾವ ವರ್ಷದೊಳಗೆ ನಿರ್ಧಾರ, ಯಾವ ದೇಶದಲ್ಲಿ ಬದುಕು, ಅವಳ ಅಪ್ಪ–ಅಮ್ಮನಿಗೆ ವಯಸ್ಸಾದಾಗ ಏನು. ಮೂರಕ್ಕೂ ಪೂರ್ತಿ ಉತ್ತರ ಸಿಗಲಿಲ್ಲ. ಆದರೆ ಗಡುವು ನಾನೇ ಹೇಳಿದೆ, ಮತ್ತು ಆ ಗಡುವಿನೊಳಗೆ ನನ್ನ ಕಡೆಯಿಂದ ಆಗದಿದ್ದರೆ ‘ಇನ್ನೊಂದು ವರ್ಷ ತಡಿ’ ಎಂದು ಕೇಳುವುದಿಲ್ಲ ಎಂದೂ ಹೇಳಿದೆ. ಆ ಗಡುವು ಬರುವ ವರ್ಷ ಮುಗಿಯುತ್ತದೆ.

‘ಪ್ರೀತಿಗೆ ಗಡುವು ಇಡೋದೇನೋ ಮಗಾ, ಅದೇನು ಬ್ಯಾಂಕ್ ಸಾಲನಾ?’ ಎಂದು ಗೆಳೆಯರು ಕೇಳುತ್ತಾರೆ. ಗಡುವು ಇಟ್ಟವರು ನಾವಲ್ಲ, ಅವಳ ಸುತ್ತಲಿನವರು ಮೊದಲೇ ಇಟ್ಟಿದ್ದಾರೆ. ಅದನ್ನು ಅವಳೊಬ್ಬಳೇ ಹೊತ್ತು ತಿರುಗುವ ಬದಲು ಇಬ್ಬರೂ ಹಂಚಿಕೊಂಡೆವು, ಅಷ್ಟೇ.

ಇನ್ನೊಂದು ಆಕ್ಷೇಪವೂ ಇದೆ, ಅದು ಹೆಚ್ಚು ಗಟ್ಟಿಯಾದದ್ದು. ಚೀನೀ ಹುಡುಗಿಯರೆಲ್ಲ ಮದುವೆಗೆ ಅವಸರಪಡುತ್ತಿದ್ದಾರೆ ಎಂದು ನಾವೇ ತೀರ್ಮಾನಿಸಿದರೆ ಅದೂ ವಿಡಿಯೊ ನೋಡಿ ಅಳೆದಂತೆಯೇ. 2013ರಲ್ಲಿ ಚೀನಾದಲ್ಲಿ 1.34 ಕೋಟಿಗೂ ಹೆಚ್ಚು ಮದುವೆಗಳು ನೋಂದಣಿಯಾಗಿದ್ದವು. 2024ರಲ್ಲಿ ಆ ಸಂಖ್ಯೆ ಸುಮಾರು 61 ಲಕ್ಷಕ್ಕೆ ಇಳಿದಿದೆ. 2020ರ ಜನಗಣತಿಯಲ್ಲಿ ಹೆಣ್ಣುಮಕ್ಕಳ ಮೊದಲ ಮದುವೆಯ ಸರಾಸರಿ ವಯಸ್ಸೇ 28ರ ಹತ್ತಿರ. ‘ಉಳಿದವಳು’ ಎಂದು ಹೀಯಾಳಿಸುವ ಗೆರೆಯನ್ನು ದೇಶದ ಎಷ್ಟೋ ಹುಡುಗಿಯರು ದಾಟಿಯಾಗಿದೆ. ಮದುವೆಯೇ ಬೇಡ ಎನ್ನುವವರೂ ಬಹಳ ಇದ್ದಾರೆ. ನನ್ನ ಗೆಳತಿಯೂ ಅಮ್ಮನಿಗೆ ಹೇಳಿದ್ದಾಳೆ: ‘ಇವನಿಗಾಗಿ ಕಾಯುತ್ತಿಲ್ಲ. ನನ್ನ ಕೆಲಸ ಮಾಡಿಕೊಂಡಿದ್ದೇನೆ. ಇವನು ಬಂದರೆ ಸೇರಿ ಬದುಕುತ್ತೇನೆ.’ ಅದಕ್ಕೇ ಗಡುವಿನ ಮಾತನ್ನು ಅವಳ ಮೇಲೆ ಹೇರಬಾರದು, ಅವಳ ಮುಂದೆ ಇಡಬೇಕು. ಆಯ್ಕೆ ಅವಳದ್ದು.

ಕಾಗದಪತ್ರದ ಬಗ್ಗೆ ಚುಟುಕಾಗಿ. ಮೊದಲು ಚೀನಾದಲ್ಲಿ ಮದುವೆ ನೋಂದಣಿಗೆ ಹುಕೋ ಪುಸ್ತಕ ಬೇಕಿತ್ತು. ಅದು ಸಾಮಾನ್ಯವಾಗಿ ಅಪ್ಪ–ಅಮ್ಮನ ಬೀರುವಿನಲ್ಲಿರುತ್ತಿತ್ತು. ಒಪ್ಪಿಗೆ ಇಲ್ಲದ ಮದುವೆಗೆ ಬೀರು ತೆರೆಯುತ್ತಿರಲಿಲ್ಲ. 2025ರ ಮೇ 10ರಿಂದ ಆ ಪುಸ್ತಕ ಬೇಕಿಲ್ಲ. ನಮ್ಮಲ್ಲಿ 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾಗಬಹುದು, 30 ದಿನದ ನೋಟಿಸ್ ಇರುತ್ತದೆ. ಎರಡೂ ದೇಶಗಳು ಜೋಡಿ ಪೌರತ್ವ ಒಪ್ಪುವುದಿಲ್ಲ. ಹೀಗಾಗಿ ಒಬ್ಬರು ವಿದೇಶಿಯಾಗಿಯೇ ಬದುಕಬೇಕಾಗಬಹುದು. ಅದು ಯಾರು ಎಂಬುದನ್ನೂ ಮೊದಲೇ ಮಾತಾಡಿಕೊಳ್ಳಿ. ಕಾನೂನು ಬೀರು ತೆರೆಸಬಹುದು, ಮನೆಯವರ ಮನಸ್ಸು ತೆರೆಸುವುದಿಲ್ಲ. ಅದಕ್ಕೆ ಅವರ ಭಾಷೆ ಕಲಿಯಬೇಕು. ನಾನು ಚೀನೀ ಭಾಷೆಯಲ್ಲಿ ತಡವರಿಸುತ್ತಾ ಅವಳ ಅಪ್ಪನ ಬಿ.ಪಿ. ಮಾತ್ರೆಯ ಬಗ್ಗೆ ವಿಚಾರಿಸಿದ ದಿನದಿಂದ ಅವರು ನನ್ನನ್ನು ‘ಆ ವಿದೇಶಿ’ ಎನ್ನುವುದು ಬಿಟ್ಟು ಹೆಸರಿಡಿದು ಕರೆಯುತ್ತಿದ್ದಾರೆ. ನಮ್ಮ ಅವ್ವನಿಗೂ ಈಗ ಮೂರು ವರ್ಷದ ಚಿಂತೆ ಕಡಿಮೆಯಾಗಿದೆ. ‘ಆಕಿ ಅಪ್ಪ–ಅವ್ವನ್ನ ಯಾರು ನೋಡ್ಕೋತಾರ?’ ಎಂಬುದು ಈಗಿನ ಪ್ರಶ್ನೆ. ಸರಿಯಾದ ಪ್ರಶ್ನೆಗೆ ಅವ್ವ ನನಗಿಂತ ಬೇಗ ಬಂದಳು ಅನಿಸುತ್ತದೆ.

ಇದನ್ನು ಓದುತ್ತಿರುವವರಲ್ಲಿ ಹೆಚ್ಚಿನವರು ಚೀನಾಕ್ಕೆ ಹೋಗುವವರಲ್ಲ ಎಂದು ಗೊತ್ತು. ಆದರೆ ನಿಮ್ಮ ಕ್ಲಾಸಿನಲ್ಲೇ ಒಬ್ಬಳು ಇರಬಹುದು. ಡಿಗ್ರಿ ಮುಗಿದ ಕೂಡಲೇ ಗಂಡು ನೋಡಲು ಶುರು ಮಾಡುವ ಮನೆ ಅವಳದ್ದು, ಕೆಎಎಸ್‌ಗೆ ಇನ್ನೆರಡು ಅಟೆಂಪ್ಟ್ ಬರೆಯೋಣ ಎಂಬ ನಿರಾಳ ನಿಮ್ಮದು. ಇಬ್ಬರೂ ಒಂದೇ ವಯಸ್ಸಿನವರಾದರೂ ಅಂತರ ಇದ್ದೇ ಇದೆ. ‘ಕಾಯ್ತೀಯಾ?’ ಎಂದು ಅವಳನ್ನು ಕೇಳುವ ಮೊದಲು, ಎಷ್ಟು ದಿನ ಎಂಬುದನ್ನು ನೀವು ಹೇಳಿ.